ಪರೀಕ್ಷೆಗೆ ಇಟ್ಟ ಎದೆ

“ಉಸಿರು ಹಿಡಿ ಅಂದ್ರೆ ಹಿಡೀಬೇಕು. ಎಮ್ಮೆ ಥರ ಬುಸುಗುಡಬೇಡ,” ಎಂದರು ದೊಡ್ಡ ಡಾಕ್ಟರು.

ಹಿಡಿದೆ. ಕಣ್ಣಿಗೆ ಕತ್ತಲೆ ಕಟ್ಟಿತು. ಏನಾಯಿತೆಂದು ಯಾರೂ ಕೇಳಲಿಲ್ಲ.

ಇವರ ಆಸ್ಪತ್ರೆಯ ರಕ್ತ, ಕೀವು, ಹೇಲುಚ್ಚೆಯ ಬಟ್ಟೆಗಳನ್ನು ಹದಿನಾರು ವರ್ಷದಿಂದ ಒಗೆಯುತ್ತಿರುವವಳು ನಾನು. ನನಗೆ ಬೆಲೆ ಬರುವುದು ವರ್ಷಕ್ಕೊಂದೇ ದಿನ, ಡಾಕ್ಟರಿಕೆ ಓದುವ ಹುಡುಗರ ಪರೀಕ್ಷೆಯ ದಿನ. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು ನನ್ನಲ್ಲಿ ಗಟ್ಟಿಯಾಗಿ ಕಿರಿದಾಗಿದೆಯಂತೆ. ಅದರಿಂದ ಎದೆಯಲ್ಲಿ ಒಂದು ಸದ್ದು ಬರುತ್ತದೆ. ಅದನ್ನು ಕೇಳಿ ರೋಗ ಯಾವುದು, ಎಷ್ಟು ಬಲಿತಿದೆ, ಹೆಂಗಸು ಇನ್ನೆಷ್ಟು ದಿನ ಬಾಳುತ್ತಾಳೆ ಎಂದು ಹುಡುಗರು ನನ್ನ ಮುಂದೆಯೇ ಹೇಳಬೇಕು. ರೋಗದ ಹೆಸರನ್ನು ನಾನು ಮಾತ್ರ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಪರೀಕ್ಷೆ ಕೆಡುತ್ತದೆ. ಇದಕ್ಕೆಲ್ಲ ಒಂದು ಲೋಟ ಟೀ, ಎರಡು ತುಂಡು ಬ್ರೆಡ್ಡು.

ಅವತ್ತು ಬೆಳಗಿನಿಂದ ಒಂಬತ್ತು ಜನ ಬಂದು ಹೋಗಿದ್ದರು. ಎದೆ ಬಿಚ್ಚಿಕೊಂಡು ಮಂಚದ ಮೇಲೆ ಕೂತಿದ್ದೆ. ನನ್ನ ಮೈಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆಂದು ಒಬ್ಬ ಮೂಗು ಮುಚ್ಚಿಕೊಂಡ. ನನ್ನನ್ನು ಮುಟ್ಟುವ ಮೊದಲು ಒಬ್ಬನೂ ಸ್ಟೆತಸ್ಕೋಪು ಒರೆಸಲಿಲ್ಲ. ಮುಟ್ಟಿದ ಮೇಲೆ ಸ್ಪಿರಿಟ್ ಹಚ್ಚಿ ತಿಕ್ಕಿ ತಿಕ್ಕಿ ಒರೆಸಿಕೊಂಡರು. ನನಗೆ ಹೇಸಿಗೆಯಾಯಿತು. ಹೇಲಿನ ಬಟ್ಟೆ ಹಿಂಡುವಾಗಲೂ ಅಷ್ಟು ಹೇಸಿಗೆಯಾದದ್ದಿಲ್ಲ.

ಮೂರು ವರ್ಷದ ಹಿಂದೆ ಆಪರೇಷನ್ ಕೇಳಿದಾಗ, ನಿನಗಿನ್ನೂ ತೊಂದರೆ ಶುರುವಾಗಿಲ್ಲ, ಕಾಯೋಣ ಎಂದಿದ್ದರು ದೊಡ್ಡ ಡಾಕ್ಟರು. ಆಗ ಅದು ನಿಜವೇ. ಈ ವರ್ಷ ಮೆಟ್ಟಿಲು ಹತ್ತಿದರೆ ಎದೆ ಹಿಂಡಿದಂತಾಗುತ್ತಿತ್ತು. ಹೋದ ಮಂಗಳವಾರ ಒದ್ದೆ ಬಟ್ಟೆಯ ಗಾಡಿ ತಳ್ಳುತ್ತಾ ಪ್ರಜ್ಞೆ ತಪ್ಪಿ ಬಿದ್ದೆ. ನನ್ನ ಜೊತೆಯೇ ಒಗೆಯುವ ನಮ್ಮಕ್ಕ ಓಡಿಹೋಗಿ ದೊಡ್ಡ ಡಾಕ್ಟರಿಗೆ ಹೇಳಿದಳು. ಮೊದಲು ಪರೀಕ್ಷೆ ಮುಗಿಯಲಿ ಎಂದರಂತೆ. ಅಷ್ಟು ಹೇಳಿದ್ದಕ್ಕೇ, ಮುಗಿದ ಮೇಲೆ ಆಪರೇಷನ್ ಆಗುತ್ತೆ, ನಾನು ಬದುಕಿದೆ ಅಂದುಕೊಂಡಿದ್ದೆ.

ಹತ್ತನೆಯ ಹುಡುಗನನ್ನು ಕರೆಯುವ ಮೊದಲು, ಹೊರಗಿನಿಂದ ಬಂದಿದ್ದ ಪರೀಕ್ಷಕರು ತಾವೇ ಸ್ಟೆತಸ್ಕೋಪು ಇಟ್ಟು ಕೇಳಿದರು. ಮುಖ ಅರಳಿತು.

“ಇಂಥ ಸದ್ದು ಈಗೆಲ್ಲಿ ಸಿಗುತ್ತೆ? ಎಲ್ಲರಿಗೂ ಬೇಗ ಬೇಗ ಆಪರೇಷನ್ ಮಾಡಿ ಹಾಳು ಮಾಡ್ಬಿಡ್ತಾರೆ.”

ದೊಡ್ಡ ಡಾಕ್ಟರು ನಕ್ಕರು. “ಅದಕ್ಕೇ ಇವಳನ್ನ ಹಾಗೇ ಇಟ್ಕೊಂಡಿದೀನಿ. ಮುಂದಿನ ವರ್ಷಕ್ಕೂ ಆಗ್ತಾಳೆ.”

ನನಗೆ ಕಿವಿಯೇ ಇಲ್ಲ ಅಂದುಕೊಂಡರೋ ಏನೋ. ಮೈಯೆಲ್ಲ ಉರಿದುಹೋಯಿತು. ಹತ್ತನೆಯವನು ಬಂದು ಕೈ ಚಾಚುವಷ್ಟರಲ್ಲಿ ರವಿಕೆಯ ಗುಂಡಿ ಹಾಕಿಕೊಂಡೆ.

“ಇಡಬೇಡ ಅದನ್ನ, ನಾನೇ ಹೇಳ್ತೀನಿ ಕೇಳು. ಅಯೋರ್ಟಿಕ್ ವಾಲ್ವು ಕಿರಿದಾಗಿದೆ. ಚೆನ್ನಾಗಿ ಬಲಿತಿದೆ. ಸದ್ದು ಕತ್ತಿನವರೆಗೂ ಹತ್ತುತ್ತೆ, ನಾಡಿ ನಿಧಾನಕ್ಕೆ ಏಳುತ್ತೆ. ಎದೆ ನೋವು ಬಂತು, ಬಿದ್ದಿದ್ದೂ ಆಯ್ತು. ಹಿಂಗೇ ಬಿಟ್ರೆ ಎರಡೋ ಮೂರೋ ವರ್ಷ. ನಿಮ್ಮೋರ ಬಾಯಲ್ಲೇ ಕೇಳಿ ಕೇಳಿ ಬಾಯಿಪಾಠ ಆಗಿದೆ.”

“ಏ ಮುಂಡೆ, ಪರೀಕ್ಷೆ ಕೆಡಿಸ್ತೀಯಾ?” ದೊಡ್ಡ ಡಾಕ್ಟರು ರಟ್ಟೆಗೆ ಕೈ ಹಾಕಿದರು.

“ಹೂಂ ಕಣ್ರೀ, ಕೆಡಿಸ್ತೀನಿ. ನಾನು ಸತ್ರೆ ಹೆಣದೆದೆಗೆ ಇಟ್ಕೊಂಡು ಕೇಳಿ ನಿಮ್ಮ ಸದ್ದನ್ನ.”

ಕೊಸರಿಕೊಂಡು ಹೊರಗೆ ಬಂದೆ. ಬಿಳಿ ಕೋಟಿನ ಹುಡುಗರು ಬೆಂಚುಗಳ ಮೇಲೆ ಸಾಲಾಗಿ ಕೂತು ತಮ್ಮ ಸರದಿ ಕಾಯುತ್ತಿದ್ದರು. ಅವರ ಮುಂದೆ ನಿಂತು ಮತ್ತೆ ಮೊದಲಿನಿಂದ ಶುರುಮಾಡಿದೆ. ನಡುವೆ ಉಸಿರು ಕಟ್ಟಿತು. ಗೋಡೆ ಹಿಡಿದುಕೊಂಡು ಹೇಳಿದೆ, ಎರಡೋ ಮೂರೋ ವರ್ಷ ಎನ್ನುವವರೆಗೂ ಹೇಳಿದೆ.

ಎದುರಿಗಿದ್ದವನು ಜೇಬಿನಿಂದ ಪೆನ್ನು ತೆಗೆದ. ಯಾರಾದರೂ ನೋಡುತ್ತಿದ್ದಾರೇನೋ ಎಂದು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ:

“ಸ್ವಲ್ಪ ನಿಧಾನ ಹೇಳಮ್ಮ. ನಾಡಿ ಹೇಗೆ ಏಳುತ್ತೆ ಅಂದೆ?”

ಬಾಯಲ್ಲಿದ್ದಷ್ಟೂ ಎಂಜಲು ಕೂಡಿಸಿಕೊಂಡು ಅವನ ಮುಖಕ್ಕೆ ಉಗಿದೆ.