ಹಿತ್ತಲ ಕೋಣೆಯ ಎಣ್ಣೆ ಬಣ್ಣ

ಆಸ್ಪತ್ರೆಯಿಂದ ಕಾಗದ ಬಂದಾಗ ಅಂದಾನಪ್ಪ ಗಿರಣಿಯ ಅಂಗಳದಲ್ಲಿ ಭತ್ತದ ರಾಶಿಯ ಪಕ್ಕ ನಿಂತಿದ್ದ. ಓದಿದವನೇ ಮಡಿಚಿ ಜೇಬಿಗೆ ಹಾಕಿಕೊಂಡ. ಮತ್ತೆ ತೆಗೆದು ಓದಿದ. ಹೆಂಡತಿ ಸುವರ್ಣಮ್ಮ ಬಳ್ಳಾರಿಯಾಚೆಯ ಕ್ಷಯದ ಆಸ್ಪತ್ರೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಆಕೆ ಹೋದಾಗ ಮಗಳು ಪಂಪಿಗೆ ಮೂರು ವರ್ಷವೂ ತುಂಬಿರಲಿಲ್ಲ. ಕಫದಲ್ಲಿ ಈಗ ರೋಗದ ಗುರುತಿಲ್ಲ, ಮಾತ್ರೆ ಇನ್ನಾರು ತಿಂಗಳು ನುಂಗಬೇಕು, ಮನೆಯವರ ಜೊತೆ ಎಂದಿನಂತೆ ಇರಬಹುದು, ಮಗುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ ಎಂದು ಡಾಕ್ಟರು ಬಿಡಿಸಿ ಬಿಡಿಸಿ ಬರೆದಿದ್ದರು.

ಮನೆಗೆ ಬಂದು ತಾಯಿ ಎರ್ರಮ್ಮನಿಗೆ ಅದನ್ನು ಓದಿ ಹೇಳಿದ. ಎರ್ರಮ್ಮ ಕೆಟ್ಟ ಹೆಂಗಸಲ್ಲ. ಸೊಸೆಯ ಹೆಸರಿನಲ್ಲಿ ಸೋಮವಾರ ಸೋಮವಾರ ಉಪವಾಸ ಮಾಡಿದವಳು. ಆದರೆ ತವರಿನಲ್ಲಿ, ಈ ರೋಗಕ್ಕೆ ಔಷಧಿಯೇ ಇಲ್ಲದ ಕಾಲದಲ್ಲಿ, ತನ್ನ ಇಬ್ಬರು ಅಕ್ಕಂದಿರು ಒಂದೇ ಮಳೆಗಾಲದಲ್ಲಿ ರಕ್ತ ಕಾರಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದಳು.

"ಬರ್ಲಿ, ಬ್ಯಾಡ ಅನ್ನಂಗಿಲ್ಲ," ಎಂದಳು. "ಅಕಿ ಮನಿ ಇದು. ಆದ್ರ ಹಿತ್ತಲ ಕೋಣ್ಯಾಗ ಇರ್ಲಿ. ಅದರಾಗಿನ ಬೀಜದ ಚೀಲ ತಗಿಸು. ಗ್ವಾಡಿಗೆ ಸುಣ್ಣ ಬ್ಯಾಡಪ, ಸುಣ್ಣ ಎಲ್ಲಾ ಹೀರ್ಕೊಂತೈತಿ. ಫಿನಾಯಿಲ್ ಹಾಕಿ ತೊಳಿಯಾಕ ಬರೋಂಥ ಬಣ್ಣ ಹಚ್ಚಿಸು."

"ಡಾಕ್ಟ್ರು ಹಿಂಗ ಬರ್ದಾರಲ್ಲವ್ವ."

"ಡಾಕ್ಟ್ರು ನಮ್ಮ ಮನ್ಯಾಗ ಇರ್ತಾರೇನು? ಕೂಸು ಐತಿ ಮನ್ಯಾಗ."

ಅಂದಾನಪ್ಪ ಆಗ ಮಾತಾಡಬೇಕಿತ್ತು. ಮಾತಾಡಲಿಲ್ಲ. ಕೂಸು ಎಂದ ಕೂಡಲೇ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡ.

ಮರುದಿನ ಬಣ್ಣದ ಓಬಳಪ್ಪನನ್ನು ಕರೆದುಕೊಂಡು ಹೊಸಪೇಟೆಯ ಬಸ್ಸು ಹತ್ತಿದ. ಕಂಪ್ಲಿಯಲ್ಲಿ ಕಾಲುವೆ ನೀರು ಬಂದ ಮೇಲೆ ಎದ್ದ ಹೊಸ ಮನೆಗಳಿಗೆಲ್ಲ ಓಬಳಪ್ಪನದೇ ಕೈ. ದಾರಿಯುದ್ದಕ್ಕೂ ನಾಟಿ ಮುಗಿದ ಗದ್ದೆಗಳಲ್ಲಿ ಎಳೆಯ ಪೈರು ಬೇರು ಹಿಡಿದು ನಿಂತಿತ್ತು.

"ಯಾವ ಕೋಣಿಗ್ರಿ ಸಾವ್ಕಾರ್ರೆ?" ಎಂದು ಓಬಳಪ್ಪ ಕೇಳಿದ.

"ನಮ್ಮ ಮನಿಯಾಕಿ ಬರ್ತಾಳೋ. ಅಕಿ ಸಲುವಾಗಿ."

ಓಬಳಪ್ಪನ ಮುಖ ಅರಳಿತು. "ಅಕ್ಕಾರು ಗುಣ ಆದ್ರೇನ್ರಿ? ಭಾಳ ಚೊಲೋ ಆತು ಬಿಡ್ರಿ. ಹಂಗಾದ್ರ ಮಾಲು ಚೊಲೋದ ತಗಳಾಣ."

ಅಂಗಡಿಯವನು ಮೊದಲು ನೀರಿನಲ್ಲಿ ಕಲಸುವ ಡಿಸ್ಟೆಂಪರ್ ಪುಡಿ ತೋರಿಸಿದ. ಓಬಳಪ್ಪ ಅದನ್ನು ಬಳಿದ ಹಲಗೆಯ ಮೇಲೆ ಒದ್ದೆ ಮಾಡಿದ ಟವಲಿನ ತುದಿ ಉಜ್ಜಿದ. ಟವಲಿಗೆ ಬಣ್ಣ ಹತ್ತಿತು. "ಇದು ಎರಡು ವರ್ಷಕ್ಕ ಬೆನ್ನಿಗೆ ಬರ್ತೈತ್ರಿ, ಒರಗಿದ್ರ ಅಂಗಿ ತುಂಬ," ಎಂದ. ಆಮೇಲೆ ಎಣ್ಣೆ ಬಣ್ಣದ ಎರಡು ಡಬ್ಬಿ ತೆಗೆಸಿದ. ಒಂದರಲ್ಲಿ ಕಡ್ಡಿ ಅದ್ದಿ ಎತ್ತಿದರೆ ಬಣ್ಣ ತುಣುಕು ತುಣುಕಾಗಿ ಬಿತ್ತು. ಇನ್ನೊಂದರಿಂದ ಎಳೆ ಹರಿಯದೆ, ಜೇನು ಸುರಿದ ಹಾಗೆ ಇಳಿಯಿತು. ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದ. "ಇದರಾಗ ಎಣ್ಣಿ ಚೊಲೋ ಐತಿ. ಒಣಗಾಕ ಒಂದು ದಿನ ಜಾಸ್ತಿ ಬೇಕು. ಒಣಗಿದ ಮ್ಯಾಲೆ ಕಲ್ಲು ಇದ್ದಂಗ."

"ತೊಳಿಬೋದೇನು?"

"ದಿನಾ ತೊಳಿರಿ. ಏನೂ ಆಗಂಗಿಲ್ಲ."

ಇನ್ನು ಉಳಿದದ್ದು ಬಣ್ಣ ಆರಿಸುವುದು. ಅಂಗಡಿಯವನು ಕೊಟ್ಟ ಕಾರ್ಡಿನಲ್ಲಿ ಬೆರಳುಗುರಿನಷ್ಟು ಅಗಲದ ನಲವತ್ತು ಚೌಕಗಳಿದ್ದವು. ಅಂದಾನಪ್ಪ ಅದನ್ನು ಹಿಡಿದುಕೊಂಡು ಬಾಗಿಲಿಗೆ ಬಂದ, ಬಿಸಿಲಿನಲ್ಲಿ ನೋಡಿದ, ನೆರಳಿನಲ್ಲಿ ನೋಡಿದ. ಸುವರ್ಣಮ್ಮ ಸಂಡೂರಿನವಳು. ಗುಡ್ಡದ ಕೆಂಪು ಮಣ್ಣಿನಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ವರ್ಷ ಕಾಲುವೆಯ ಏರಿಯ ಮೇಲೆ ನಿಂತು ನಾಟಿಯಾದ ಗದ್ದೆಗಳನ್ನು ನೋಡುತ್ತ, "ಇಷ್ಟು ಹಸರು ನಾ ಕಂಡೇ ಇಲ್ಲ ನೋಡ್ರಿ," ಎಂದಿದ್ದಳು. ಅಂಥ ಹಸಿರು ಕಾರ್ಡಿನಲ್ಲಿ ಒಂದೇ ಒಂದು ಇತ್ತು. ಅದನ್ನೇ ಕೊಡು ಎಂದ. ಬೆಲೆ ಕೇಳಲಿಲ್ಲ. ಡಬ್ಬಿಗಳನ್ನು ಬಸ್ಸಿನ ಮೇಲೆ ಹಾಕಲು ಬಿಡದೆ ಕಾಲ ಬಳಿ ಇಟ್ಟುಕೊಂಡು ಬಂದ. ಹೆಂಡತಿಗೆ ಸೀರೆ ತರುವವನ ಹಾಗೆ ಅವನ ಮನಸ್ಸು ಹಗುರಾಗಿತ್ತು. ಆ ಕೋಣೆ ಯಾತಕ್ಕೆ ಎಂಬುದು ಅಷ್ಟು ಹೊತ್ತು ಅವನಿಗೆ ಮರೆತೇ ಹೋಗಿತ್ತು.

ಓಬಳಪ್ಪ ಆರು ದಿನ ಕೆಲಸ ಮಾಡಿದ. ಹಳೆಯ ಸುಣ್ಣವನ್ನು ಪದರ ಪದರವಾಗಿ ಕೆರೆದು, ಬಿರುಕು ಮುಚ್ಚಿ, ಉಪ್ಪುಕಾಗದದಿಂದ ಗೋಡೆ ತಿಕ್ಕಿ ನುಣ್ಣಗೆ ಮಾಡಿದ. ಅದೇ ಹೊತ್ತಿಗೆ ಬಡಗಿ ಬಂದು ಹಿತ್ತಲ ಕಡೆಗೆ ಹೊಸ ಬಾಗಿಲೊಂದನ್ನು ಕೂಡಿಸಿದ. ಪಡಸಾಲೆಯ ಕಡೆಗಿದ್ದ ಬಾಗಿಲಿಗೆ ಆಚೆಯಿಂದ ಚಿಲಕ ಬಿತ್ತು. ಎರಡನೆಯ ಕೈ ಬಳಿಯುವ ದಿನ ಎರ್ರಮ್ಮ ಹೊರಗೆ ನಿಂತು, "ಫಿನಾಯಿಲ್ ಹಾಕಿದ್ರ ಬಣ್ಣ ಏಳಂಗಿಲ್ಲಲ್ಲ?" ಎಂದು ಕೇಳಿದಳು.

ಓಬಳಪ್ಪ ಕುಂಚವನ್ನು ಡಬ್ಬಿಯ ಮೇಲಿಟ್ಟ. ಹೊಸ ಬಾಗಿಲನ್ನೂ ಮುಚ್ಚಿದ ಬಾಗಿಲನ್ನೂ ನೋಡಿದ. ಸಂಜೆ ಕೈ ತೊಳೆಯುವಾಗ ಅಂದಾನಪ್ಪನನ್ನು ಕೇಳಿದ.

"ಅಕ್ಕಾರು ಪಡಸಾಲಿ ಕಡೆಯಿಂದ ಬರಂಗಿಲ್ಲೇನ್ರಿ?"

"ಸ್ವಲ್ಪ ದಿನ," ಎಂದ ಅಂದಾನಪ್ಪ.

ಓಬಳಪ್ಪ ಮುಖ ತಿರುಗಿಸಿದ. ಕೂಲಿಯನ್ನು ಕೈಗೆ ತೆಗೆದುಕೊಳ್ಳದೆ, ಕಟ್ಟೆಯ ಮೇಲೆ ಇಡ್ರಿ ಎಂದ.

ಹೆಂಡತಿಯನ್ನು ಕರೆತರಲು ಅಂದಾನಪ್ಪನೇ ಹೋದ. ಸುವರ್ಣಮ್ಮ ಮೈ ತುಂಬಿಕೊಂಡಿದ್ದಳು. ಬಸ್ಸಿನಲ್ಲಿ ಅವಳ ಮಾತೆಲ್ಲ ಪಂಪಿಯದೇ. ಎಷ್ಟು ಎತ್ತರ ಆಗಿದ್ದಾಳೆ, ಜಡೆಗೆ ಕೂದಲು ಸಾಲುತ್ತಾ, ನನ್ನ ಹೆಸರು ಹೇಳುತ್ತಾಳಾ. ಆಸ್ಪತ್ರೆಯಲ್ಲಿ ಕಲಿತು ಹೆಣೆದ ಹಳದಿ ಉಲ್ಲನ್ನಿನ ಅಂಗಿಯೊಂದನ್ನು ಚೀಲದಿಂದ ತೆಗೆದು ತೋರಿಸಿದಳು. "ಅಳತಿ ಗೊತ್ತಿರ್ಲಿಲ್ಲ. ಅಂದಾಜಿನ ಮ್ಯಾಲೆ ಹಾಕೀನಿ," ಎಂದಳು. ಅಂದಾನಪ್ಪ ಅಂಗಿಯನ್ನು ಕೈಯಲ್ಲಿ ಹಿಡಿದು, "ಸರಿ ಆಗ್ತೈತಿ," ಎಂದ. ಹೇಳಬೇಕಾದದ್ದನ್ನು ಕಂಪ್ಲಿಯ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಂಡ. ಆಮೇಲೆ ಬಸ್ಸು ಇಳಿದ ಮೇಲೆ ಎಂದುಕೊಂಡ.

ಮನೆಯ ಮುಂದೆ ಅವನು ಮೆಟ್ಟಿಲು ಹತ್ತದೆ ಪಕ್ಕದ ಸಂದಿಗೆ ತಿರುಗಿದ. "ಈ ಕಡೆ ಬಾ," ಎಂದ. ಸುವರ್ಣಮ್ಮ ನಗುತ್ತಲೇ ಹಿಂದೆ ಬಂದಳು. ಹೊಸ ಬಾಗಿಲು ತೆರೆದಾಗ ಮಧ್ಯಾಹ್ನದ ಬೆಳಕು ಗೋಡೆಯ ಮೇಲೆ ಬಿದ್ದು ಕೋಣೆ ತುಂಬ ಹಸಿರು ಹರಡಿತ್ತು. ಅವಳು ಹೊಸ್ತಿಲಲ್ಲೇ ನಿಂತಳು.

"ಎಷ್ಟು ಚಂದ ಮಾಡ್ಸೀರಿ," ಎಂದಳು. "ಗದ್ದಿ ಬಣ್ಣ."

"ನಾನ ಆರ್ಸಿದ್ದು. ನಲವತ್ತು ಬಣ್ಣ ಇದ್ವು."

ಅವಳು ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ಕೈ ನಿಧಾನಕ್ಕೆ ಜಾರಿಸಿದಳು, ಅಲ್ಲಿಗೆ ನಿಲ್ಲಿಸಿದಳು. ಒಬ್ಬರಿಗಾಗುವ ಮಂಚ, ಅದರ ಕೆಳಗೆ ಒಂದು ತಾಟು, ಒಂದು ಲೋಟ, ಒಂದು ಬಕೀಟು, ಮೂಲೆಯಲ್ಲಿ ಫಿನಾಯಿಲಿನ ಸೀಸೆ. ಪಡಸಾಲೆಯ ಬಾಗಿಲಿನ ಹತ್ತಿರ ಹೋಗಿ ದೂಡಿದಳು. ಅದು ಅಲುಗಲಿಲ್ಲ.

"ಆಸ್ಪತ್ರ್ಯಾಗೂ ಇಂಥದ ಹಚ್ಯಾರ್ರೀ," ಎಂದಳು. ದನಿ ಏರಲಿಲ್ಲ. "ತೊಳಿಯಾಕ ಅಂತ."

ಅಷ್ಟರಲ್ಲಿ ಎರ್ರಮ್ಮ ಪಂಪಿಯ ಕೈ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಹತ್ತು ಹೆಜ್ಜೆ ಈಚೆಗೇ ನಿಂತಳು. "ಚೊಲೋ ಇದ್ದೀಯೇನವ್ವ?" ಎಂದು ಕೇಳುವಾಗ ಅವಳ ಕಣ್ಣಲ್ಲೂ ನೀರಿತ್ತು. ಸುವರ್ಣಮ್ಮ ಕೂತು ಎರಡೂ ಕೈ ಚಾಚಿದಳು. ಪಂಪಿ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡು, "ಅಲ್ಲಿ ಹೋಗಬಾರ್ದು," ಎಂದಿತು. ಹಳದಿ ಅಂಗಿಯನ್ನು ಅಂದಾನಪ್ಪ ತೆಗೆದುಕೊಂಡು ಹೋಗಿ ಅಜ್ಜಿಯ ಕೈಗೆ ಕೊಟ್ಟ. ಎರ್ರಮ್ಮ ಅದನ್ನು ಕುದಿಯುವ ನೀರಿಗೆ ಹಾಕಿದಳು. ಉಲ್ಲನ್ ಮುದುರಿ ಗೊಂಬೆಯ ಅಂಗಿಯಷ್ಟಾಯಿತು.

ಮಾತ್ರೆಯ ಆರು ತಿಂಗಳು ಮುಗಿಯಿತು. ಬಾಗಿಲು ತೆರೆಯಲಿಲ್ಲ. ಊಟ ಹೊಸ್ತಿಲಿಗೆ ಬರುತ್ತಿತ್ತು. ಅಡಿಗೆಯಲ್ಲಿ ಕೊರತೆಯೇನೂ ಇರಲಿಲ್ಲ. ಎರ್ರಮ್ಮ ಹಾಲು, ತುಪ್ಪ ಸೊಸೆಗೆಂದೇ ತೆಗೆದಿಡುತ್ತಿದ್ದಳು. ಸುವರ್ಣಮ್ಮ ಪ್ರತಿದಿನ ತಾನೇ ಗೋಡೆ ತೊಳೆಯುತ್ತಿದ್ದಳು. ಪಂಪಿ ಬರಬರುತ್ತ ದೂರದ ಬೇವಿನ ಗಿಡದ ಕೆಳಗೆ ಆಡಲು ಕೂತು, ಅಲ್ಲಿಂದಲೇ ಆ ಹೆಂಗಸಿನ ಜೊತೆ ಮಾತಾಡಲು ಕಲಿತಳು. ಅವ್ವ ಎನ್ನಲು ಮಾತ್ರ ಬಾಯಿ ತಿರುಗಲಿಲ್ಲ.

ಒಂದು ಸಂಜೆ ಅಂದಾನಪ್ಪ ಗಿರಣಿಯಿಂದ ಬಂದು ಎಂದಿನಂತೆ ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತ. ಸುವರ್ಣಮ್ಮ ಗೋಡೆಗೆ ಒರಗಿಕೊಂಡು ಕೂತಿದ್ದಳು.

"ಡಾಕ್ಟ್ರ ಕಾಗ್ದ ಅತ್ತಿಗೆ ಮತ್ತೊಮ್ಮೆ ಓದಿ ಹೇಳ್ರಿ," ಎಂದಳು.

"ವಯಸ್ಸಾಗೈತಿ ಅಕಿಗೆ. ಹೇಳಿದ್ರೂ ಹೆದರ್ತಾಳ."

"ಅತ್ತಿ ಹೆದರ್ಲಿ. ಅವರು ನೋಡಬಾರದ್ದು ನೋಡ್ಯಾರ. ನೀವು ನಂಬ್ತೀರೋ ಇಲ್ಲೋ, ಅಷ್ಟು ಹೇಳ್ರಿ."

"ನಂಬ್ತೀನಿ."

"ಹಂಗಾದ್ರ ಒಳಗ ಬರ್ರಿ. ಇಲ್ಲಿ ನನ್ನ ಬಾಜೂಕ ಬಂದು ಕುಂದ್ರಿ."

ಅಂದಾನಪ್ಪ ಎದ್ದ. ಹೊಸ್ತಿಲ ತನಕ ಬಂದ. ತೊಳೆದ ನೆಲದಿಂದ ಫಿನಾಯಿಲಿನ ವಾಸನೆ ಬರುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಕಾಲು ಎತ್ತಬೇಕು ಎಂದುಕೊಂಡ, ಎತ್ತಲಾಗಲಿಲ್ಲ. ಇಷ್ಟು ದಿನ ತಾಯಿಯ ಹೆಸರು ಹೇಳಿಕೊಂಡು ತಿರುಗಿದವನಿಗೆ ಆಗ ಗೊತ್ತಾಯಿತು, ಹೆದರಿಕೆ ತನ್ನದೇ ಎಂದು. ಸುವರ್ಣಮ್ಮ ಅವನ ಪಾದಗಳನ್ನೇ ನೋಡುತ್ತಿದ್ದಳು. "ಹೋಗ್ರಿ, ಉಣ್ಣಾಕ ಹೊತ್ತಾತು," ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಚೀಲ ಹಿಡಿದು ಮನೆಯ ಮುಂಬಾಗಿಲಿಗೆ ಬಂದು ನಿಂತಳು. ಆಸ್ಪತ್ರೆಯಲ್ಲಿ ಆಯಾ ಬೇಕಂತೆ, ರೋಗಿಗಳನ್ನು ಮುಟ್ಟಲು ಹೆದರದವರು ಸಿಗುವುದಿಲ್ಲವಂತೆ, ಬರುತ್ತೇನೆಂದು ಬರೆದಿದ್ದೇನೆ ಎಂದಳು. ಅಂದಾನಪ್ಪ ಬೇಡವೆಂದ. ನಿನ್ನ ಅಣ್ಣನ ಮನೆಗಾದರೂ ಹೋಗು, ಸಂಡೂರಿಗೆ ನಾನೇ ಬಿಟ್ಟು ಬರುತ್ತೇನೆ ಎಂದ. "ಅಲ್ಲೂ ಒಂದು ಕೋಣಿ ಮಾಡ್ತಾರ," ಎಂದಳು. ಎರ್ರಮ್ಮ ಒಳಗಿನಿಂದ ಅಳುವುದು ಕೇಳುತ್ತಿತ್ತು. ಸುವರ್ಣಮ್ಮ ಪಂಪಿಯನ್ನು ಕರೆದು, "ನನ್ನ ಕೂಡ ಬರ್ತೀಯೇನವ್ವ?" ಎಂದು ಕೇಳಿದಳು. ಪಂಪಿ ಒಲ್ಲೆ ಎಂದು ತಲೆ ಅಲ್ಲಾಡಿಸಿದಳು. ಅವಳು ಮತ್ತೆ ಕೇಳಲಿಲ್ಲ. ಬಸ್‌ ಸ್ಟ್ಯಾಂಡಿನ ತನಕ ಅಂದಾನಪ್ಪ ಚೀಲ ಹೊತ್ತು ಹೋದ.

ಆಮೇಲೆ ವರ್ಷಕ್ಕೆರಡು ಸಲ ಅಂದಾನಪ್ಪ ಆಸ್ಪತ್ರೆಗೆ ಹೋಗಿ ಕರೆಯುತ್ತಿದ್ದ. ಸುವರ್ಣಮ್ಮ ಗೇಟಿನ ಪಕ್ಕದ ಹೋಟೆಲಿನಲ್ಲಿ ಅವನಿಗೆ ಚಹಾ ಕೊಡಿಸಿ, ಮಗಳ ಓದಿನ ಬಗ್ಗೆ ಕೇಳಿ, ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳು. ಅವನು ಎರಡನೆಯ ಮದುವೆ ಮಾಡಿಕೊಳ್ಳಲಿಲ್ಲ. ಮಂದಿ ಅದನ್ನು ಅವನ ದೊಡ್ಡತನವೆಂದರು. ಎರ್ರಮ್ಮ ತೀರಿಕೊಂಡಾಗ ಸುವರ್ಣಮ್ಮ ಬಂದಳು. ಹೆಣದ ಕಾಲ ಬಳಿ ಕೂತು ಮನಸಾರೆ ಅತ್ತಳು. ಮಣ್ಣು ಮುಗಿದ ಮೇಲೆ ಸಂಜೆಯ ಬಸ್ಸಿಗೆ ಹೊರಟುಹೋದಳು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಪಂಪಿ ತಂದೆಯ ಎದುರು ಕೂತಳು. "ಅವ್ವ ನನ್ನ ಯಾಕ ಬಿಟ್ಟು ಹೋದ್ಲು, ಹೇಳಪ," ಎಂದಳು. ಊರವರು ಹೇಳಿದ್ದು ಬೇರೆ ಬೇರೆ ಇತ್ತು. ಅಂದಾನಪ್ಪ ಕಾಗದ ಬಂದ ದಿನದಿಂದ ಹಿಡಿದು ಎಲ್ಲ ಹೇಳಿದ. ಅಜ್ಜಿಯ ಮೇಲೆ ಹಾಕಲಿಲ್ಲ. ಹೊಸ್ತಿಲಲ್ಲಿ ನಿಂತದ್ದನ್ನೂ ಹೇಳಿದ. ಪಂಪಿ ಕೇಳಿಸಿಕೊಂಡು ಎದ್ದು ಹೋದಳು. ಎರಡು ದಿನ ಅವನಿಗೆ ಬಡಿಸಿದಳು, ಮಾತಾಡಲಿಲ್ಲ. ಮೂರನೆಯ ದಿನ ಬಳ್ಳಾರಿಯ ಬಸ್ಸು ಹತ್ತಿದಳು.

ಎಂಟು ದಿನಕ್ಕೆ ಗಿರಣಿಗೆ ಒಂದು ಕಾರ್ಡು ಬಂತು. ಅಂದಾನಪ್ಪ ಅದನ್ನು ಗೇಟಿನಲ್ಲೇ ನಿಂತು ಓದಿದ. "ಅವ್ವ ಆರಾಮ ಇದ್ದಾಳೆ. ನಾನು ಅವಳ ಹಾಸಿಗೆಯಲ್ಲೇ ಮಲಗುತ್ತೇನೆ. ಕಾಲೇಜು ಇಲ್ಲಿಯೇ ಸೇರುತ್ತೇನೆ. ನನ್ನ ಬಟ್ಟೆ ಮತ್ತು ಪುಸ್ತಕ ಯಾರ ಕೈಯಲ್ಲಾದರೂ ಕಳಿಸಿ, ನೀವು ಬರುವುದು ಬೇಡ."

ಅವನು ಮನೆಗೆ ಹೋಗಿ ಮಗಳ ಟ್ರಂಕಿನಲ್ಲಿ ಬಟ್ಟೆಗಳನ್ನು ಒಂದೊಂದಾಗಿ ಮಡಿಚಿಟ್ಟ. ಮರುದಿನ ಗಿರಣಿಯ ಲಾರಿ ಬಳ್ಳಾರಿಗೆ ಹೊರಟಾಗ ಟ್ರಂಕನ್ನು ಡ್ರೈವರನ ಪಕ್ಕ ಇಡಿಸಿ, ಆಸ್ಪತ್ರೆಯ ದಾರಿಯನ್ನು ಎರಡು ಸಲ ಬಿಡಿಸಿ ಹೇಳಿದ.