ಬಾನೆಟ್ಟಿನ ಮೇಲಿನ ಸೊನ್ನೆ

ಕಪ್ಪು ಗಾಜಿನಲ್ಲಿ ಒಂದು ಮುಖ, ನನ್ನದೇ, ಮೂಗು ದಪ್ಪ, ಹಣೆ ಇಲ್ಲವೇ ಇಲ್ಲ — ಡ್ಯಾಶ್‌ಬೋರ್ಡಿನ ಮೇಲೆ, ಸ್ಟೇರಿಂಗಿನ ಆಚೆ, ಅಂಗೈಯಗಲದ ಈ ಕುಳಿ, ಇದರೊಳಗಿಂದ ಬೆಳಕು ಎದ್ದು ಮುಂದಿನ ಗಾಜಿಗೆ ಬಿದ್ದು ಕಾರಿನ ವೇಗ ಎಷ್ಟು ಅನ್ನೋ ಅಂಕಿ ಬಾನೆಟ್ಟಿನ ಮೇಲೆ ತೇಲ್ತಾ ಕಾಣಬೇಕಂತೆ, ಕಂಡವರು ಹೇಳ್ತಾರೆ, ನಾನು ಕಂಡಿಲ್ಲ, ಈ ಮನೆಗೆ ಬಂದಾಗಿಂದ ಇದರಲ್ಲಿ ನಾನು ಕಂಡಿದ್ದು ಧೂಳು ಮತ್ತು ನನ್ನ ಮೂಗು. ಕಂಡವರು ಅಂದ್ರೆ ಯಾರು, ಉದ್ದಕ್ಕ, ಇನ್ಯಾರು, ಇವರ ಮೊದಲನೇ ಹೆಂಡತಿ, ಹೆಸರು ಹಿಡಿದು ಕರೆಯೋಕೆ ನನ್ನ ನಾಲಿಗೆ ಏಳಲ್ಲ, ಅದಕ್ಕೇ ಉದ್ದಕ್ಕ, ನಮ್ಮ ಅಡುಗೆಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಿದ್ದಳಂತೆ, ಬಿಟ್ಟು ಹೋದವಳು ಹೋದ ಮೇಲೆ ತನ್ನ ಪಾಡಿಗೆ ತಾನಿರಬಾರದಾ, ಇಲ್ಲ, ಅತ್ತೆ ಕಣ್ಣಿನ ಆಪರೇಷನ್ ಆಯ್ತಲ್ಲ, ನೋಡ್ಕೊಂಡು ಹೋಗೋಕೆ ಇವತ್ತು ಮಧ್ಯಾಹ್ನದ ಬಸ್ಸಿಗೆ ಬರ್ತಿದ್ದಾಳೆ, ಕರ್ಕೊಂಡು ಬರೋಕೆ ಇವರು ಇದೇ ಕಾರ್ ತಗೊಂಡು ಹೋಗ್ತಾರೆ, ಬರುವಾಗ ಅವಳೇ ಓಡಿಸ್ತಾಳೆ, ಸ್ಟೇರಿಂಗ್ ಸಿಕ್ಕರೆ ಬಿಡೋಳಲ್ಲ ಅವಳು ಅಂತ ಅತ್ತೆನೇ ಹೇಳಿದ್ದು, ಹೇಳುವಾಗ ಮುಖ ಎಷ್ಟು ಅರಳಿತ್ತು. ಓಡಿಸಲಿ. ಅಷ್ಟರಲ್ಲಿ ಇದನ್ನ ಸರಿ ಮಾಡಿರ್ತೀನಿ, ಅಂಕಿ ಬರುತ್ತೆ, ಬಂದು ನನ್ನ ಎತ್ತರಕ್ಕೆ ನಿಂತಿರುತ್ತೆ, ನನ್ನ ಕಣ್ಣಿನ ಮಟ್ಟಕ್ಕೆ ಇಳಿಸಿ ಇಟ್ಟಿರ್ತೀನಿ, ಅವಳು ನೋಡಬೇಕಂದ್ರೆ ಆ ಉದ್ದ ಕತ್ತನ್ನ ಮಡಚಿ ಕೂರಬೇಕು, ಆಗ ಗೊತ್ತಾಗುತ್ತೆ ಈಗ ಈ ಸೀಟು ಯಾರದ್ದು ಅಂತ. ಅದೊಂದು ಆದ್ರೆ ಸಾಕು ನನಗೆ.

ಬ್ಯಾಟರಿ ತಂತಿ ಬಿಚ್ಚಾಯ್ತು, ಈಗ ಮೇಲಿನ ಹಲಗೆ ಎಬ್ಬಿಸಬೇಕು, ಸ್ಕ್ರೂಡ್ರೈವರ್ ತುದಿ ಹಾಕಿದರೆ ಗೀರು ಬೀಳುತ್ತೆ, ಅದಕ್ಕೇ ಅಂಗಡಿಯಿಂದ ಪ್ಲಾಸ್ಟಿಕ್ ಪಟ್ಟಿ ತಂದೆ, ಕನ್ನಡಕದ ಅಂಗಡಿಯಲ್ಲಿ ನನ್ನ ದಿನದ ಕೆಲಸವೇ ಇದು, ಫ್ರೇಮಿನಿಂದ ಲೆನ್ಸ್ ಎಬ್ಬಿಸೋದು, ಇಲ್ಲಿ ಸ್ವಲ್ಪ ಒತ್ತು, ಅಲ್ಲಿ ಸ್ವಲ್ಪ ಒತ್ತು, ಬಲ ಹಾಕಬೇಡ, ಟಪ್, ಬಂತು ನೋಡು. ಗ್ಯಾರೇಜಿನವನು ಏನಂದ, ಇದೆಲ್ಲ ಬಿಚ್ಚೋ ಸಾಮಾನಲ್ಲ ಮೇಡಂ, ಪೂರ್ತಿ ಡಬ್ಬಿನೇ ಬದಲಾಯಿಸಬೇಕು, ಅಂಕಿ ಇಲ್ಲದಿದ್ರೆ ಏನಂತೆ, ಕೆಳಗೆ ಮೀಟರ್ ಇದೆಯಲ್ಲ, ನೋಡ್ಕೊಳ್ಳಿ. ಮೀಟರ್ ಇದೆ, ಕಣಪ್ಪಾ, ಅದು ನನಗೂ ಗೊತ್ತು, ನನ್ನ ಹೊಟ್ಟೆ ಉರಿಯೋದು ಮೀಟರಿಗಲ್ಲ. ಕಾರು ಚಾಲೂ ಮಾಡಿದಾಗೆಲ್ಲ ಒಳಗಿಂದ ಟಕಟಕಟಕ ಅಂತ ಸದ್ದು, ಬೆಳಕು ಇದೆ, ಕುಳಿಯೊಳಗೆ ಬಗ್ಗಿ ನೋಡಿದರೆ ಮಿಣುಕು ಕಾಣುತ್ತೆ, ಅಂದ್ರೆ ಕನ್ನಡಿ ಇಳಿಬಿದ್ದಿದೆ, ಅದನ್ನ ಎತ್ತೋ ಹಲ್ಲಿನ ಚಕ್ರ ಹಿಡೀತಿಲ್ಲ, ಅಷ್ಟೇ, ಗುಜರಿಯಿಂದ ಇಂಥದ್ದೇ ಇನ್ನೊಂದು ಡಬ್ಬಿ ತಂದು ಚಕ್ರ ಬಿಚ್ಚಿ ಇಟ್ಕೊಂಡಿದ್ದೀನಿ, ಜೇಬಲ್ಲಿದೆ, ಇದೆಯಾ, ಇದೆ. ಮೇಲಿನ ಕಿಟಕಿಯಲ್ಲಿ ಅತ್ತೆ, ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಪೂರ್ತಿ ನನ್ನ ಮೇಲೆ, ಏನೇ ಅದು, ಕಾರಿನ ಕರುಳೆಲ್ಲ ಈಚೆ ತೆಗೆದಿದ್ದೀಯಲ್ಲೇ, ವಾಪಸ್ ಹಾಕೋಕೆ ಬರುತ್ತೇನೇ, ಬರುತ್ತೆ ಅತ್ತೆ, ಅವಳಿದ್ದಾಗ ಜುಮ್ಮಂತ ಬರ್ತಿತ್ತು ಕಣೇ ಅಂಕಿ, ಹೌದು ಅತ್ತೆ, ಅವಳಿದ್ದಾಗ, ಈ ಮನೇಲಿ ಕಾಲ ಶುರುವಾಗೋದೇ ಅಲ್ಲಿಂದ, ಅವಳಿದ್ದಾಗ ಬಚ್ಚಲ ನಲ್ಲಿ ಸೋರ್ತಿರಲಿಲ್ಲ, ಅವಳಿದ್ದಾಗ ಮೇಲಿನ ಅಟ್ಟದಿಂದ ಪೆಟ್ಟಿಗೆ ಇಳಿಸೋಕೆ ಸ್ಟೂಲು ಬೇಕಿರಲಿಲ್ಲ. ಇವರಾದ್ರೂ ಸುಮ್ಮನಿರ್ತಾರಾ, ಅತ್ತೆ ಅಂಕಿಯ ಮಾತು ತೆಗೆದಾಗೆಲ್ಲ ಇವರೂ ಶುರು, ಅವಳಿದ್ದಾಗಲೇ ಕೆಟ್ಟಿತ್ತಮ್ಮ, ಬಿಡು ಈಗ, ಮಾತು ಮುಗಿಯೋ ಮೊದಲೇ ಅಡ್ಡ ಬಾಯಿ ಹಾಕ್ತಾರೆ, ಕೆಟ್ಟದ್ದಕ್ಕೂ ಅವಳೇ ಬೇಕು ಇವರಿಗೆ, ಒಂದು ಹಾಳು ಚಕ್ರ ಮುರಿದರೂ ಅದು ಅವಳ ಕಾಲದಲ್ಲೇ ಮುರಿದಿರಬೇಕು, ನನ್ನ ಕಾಲದಲ್ಲಿ ಕೆಡೋಕೂ ಏನೂ ಇಲ್ಲ. ನಾಲ್ಕು ಸ್ಕ್ರೂ, ಒಂದು ಬಿಗಿಯಾಗಿದೆ, ಹಲ್ಲು ಕಚ್ಚಿ ತಿರುಗಿಸಿದೆ, ಬಂತು.

ಈ ಡಬ್ಬಿ ಇಷ್ಟು ಹಗುರ ಅಂತ ಗೊತ್ತಿರಲಿಲ್ಲ, ತೊಡೆ ಮೇಲೆ ಇಟ್ಕೊಂಡೆ, ಮುಚ್ಚಳ ತೆಗೆದೆ, ಒಳಗೆ ಬಾಗಿದ ಕನ್ನಡಿ, ಎಂಥ ಚಂದದ ಕನ್ನಡಿ, ಬೆರಳು ತಾಗಿಸಬಾರದು, ಅದರ ಪಕ್ಕ ಮೋಟಾರು, ಅದಕ್ಕೆ ಹೊಂದಿಕೊಂಡ ಬಿಳಿ ಚಕ್ರ — ಚಕ್ರ ಅಂದ್ರೆ ಪೂರ್ತಿ ಇಲ್ಲ, ಕಾಲು ಭಾಗದ್ದು, ಬೀಸಣಿಗೆ ಆಕಾರ — ಅದರ ಒಂದು ತುದಿಯ ಹಲ್ಲುಗಳು ನುಣ್ಣಗೆ ಸವೆದು ಹೋಗಿವೆ, ಸವೆದದ್ದಲ್ಲ, ಕಿತ್ತು ಹೋಗಿವೆ, ಮಿಕ್ಕಿದ್ದೆಲ್ಲ ಹೊಸದರ ಥರ ಇದೆ. ಅಂದ್ರೆ ಕನ್ನಡಿ ಕೊನೆ ಮುಟ್ಟಿದ ಮೇಲೂ ಯಾರೋ ಬಟನ್ ಒತ್ತಿದ್ದಾರೆ, ಒತ್ತಿ ಒತ್ತಿ ಇಟ್ಟಿದ್ದಾರೆ, ಇನ್ನೂ ಮೇಲೆ, ಇನ್ನೂ ಮೇಲೆ, ಯಾರಿಗೆ ಬೇಕು ಅಷ್ಟು ಮೇಲೆ, ಕಂಬಕ್ಕೆ ತಾನೇ, ಅಯ್ಯೋ ಉದ್ದಕ್ಕ, ಸಿಕ್ಕಿಬಿದ್ದೆ, ಇಷ್ಟು ವರ್ಷ ನಿನ್ನ ಹೆಸರಲ್ಲಿ ಹಾಡಿದ್ದೇ ಹಾಡು, ಕೆಡಿಸಿದವಳು ನೀನೇ. ಖುಷಿ ಆಗ್ಬೇಕಿತ್ತು, ಆಗ್ಲಿಲ್ಲ, ಇವರು ಪಕ್ಕದಲ್ಲಿ ನಿಂತು ಒತ್ತಿಕೊಟ್ಟಿರ್ತಾರೆ, ಈಗ ಕಾಣಿಸ್ತಾ, ಈಗ, ಅದೇ ದನಿಯಲ್ಲಿ, ಈಜುಕೊಳದಲ್ಲಿ ಈಜು ಕಲಿಸೋದು ತಾನೇ ಇವರ ಕೆಲಸ, ನೀರಿಗೆ ಹೆದರೋ ಮಕ್ಕಳಿಗೆ ಹೇಳೋ ದನಿ, ಆ ದನಿ ನನಗೂ ಗೊತ್ತು. ಹಳೇ ಚಕ್ರ ತೆಗೆಯೋ ಮೊದಲು ಚುಕ್ಕೆ ಇಡಬೇಕು, ಅಂಗಡಿ ಅಭ್ಯಾಸ, ಲೆನ್ಸ್ ಯಾವುದೇ ಇರಲಿ, ಬಿಚ್ಚೋ ಮೊದಲು ಒಂದು ಚುಕ್ಕೆ, ಇಲ್ಲದಿದ್ರೆ ತಿರುಗಾ ಮುರುಗಾ ಕೂತು ಗಿರಾಕಿಗೆ ತಲೆ ಸುತ್ತುತ್ತೆ, ಹಲ್ಲು ಕಿತ್ತ ಕಡೆ ಡಬ್ಬಿಯ ಗೋಡೆಗೆ ಬಿಳಿ ಚುಕ್ಕೆ ಇಟ್ಟೆ, ಹೊಸ ಚಕ್ರ ಕೂರಿಸಿದೆ, ಕೂತಿತು.

ಆ ದನಿ ನನಗೆ ಗೊತ್ತು ಅಂದೆನಲ್ಲ, ಮದುವೆಗೆ ಸ್ವಲ್ಪ ಮುಂಚೆ, ಊರಾಚೆ ಖಾಲಿ ಮೈದಾನ, ನನಗೆ ಕಾರು ಕಲಿಸ್ತೀನಿ ಅಂತ ಕರ್ಕೊಂಡು ಹೋಗಿದ್ರು, ಹೊರಡುವಾಗ ಅತ್ತೆ, ಆಗಿನ್ನೂ ಅತ್ತೆ ಆಗಿರಲಿಲ್ಲ, ಇವಳ ತಲೆ ಸ್ಟೇರಿಂಗ್ ಮೇಲೆ ಕಾಣುತ್ತೇನೋ ಅಂತ ನಕ್ಕಿದ್ರು, ಅವಳು ಮೊದಲ ದಿನವೇ ಸಲೀಸಾಗಿ ಓಡಿಸಿಬಿಟ್ಟಳು ಅಂದ್ರು, ದಾರಿಯುದ್ದಕ್ಕೂ ಕಣ್ಣು ತುಂಬಿ ತುಂಬಿ ಬಂತು, ಅಳೋಳಲ್ಲ ನಾನು, ಅದು ಹೊಟ್ಟೆಕಿಚ್ಚಿನ ನೀರು, ಅದಕ್ಕೇ ಕೂಲಿಂಗ್ ಗ್ಲಾಸ್ ಹಾಕ್ಕೊಂಡೆ, ಅಂಗಡಿಯ ಯಜಮಾನರು ಮದುವೆಗೆ ಅಂತ ಕೊಟ್ಟದ್ದು, ಇದ್ದಿದ್ದರಲ್ಲಿ ಒಳ್ಳೇ ಮಾಲು. ಇವರು ನನ್ನನ್ನ ಡ್ರೈವರ್ ಸೀಟಲ್ಲಿ ಕೂರಿಸಿ, ತೆರೆದ ಬಾಗಿಲ ಹತ್ತಿರ ಮಂಡಿಯೂರಿ ಕೂತು, ನನ್ನ ಮುಂದಿನಿಂದ ಕೈ ಚಾಚಿ, ಸ್ಟೇರಿಂಗ್ ಪಕ್ಕದ ಬಟನ್ ಮೇಲೆ ಹೆಬ್ಬೆರಳು ಇಟ್ಟು, ಗಾಜಿನಾಚೆ ನೋಡು, ಬಾನೆಟ್ ಮೇಲೆ ಒಂದು ಸೊನ್ನೆ ಇದೆ, ಕಾಣಿಸ್ತಾ, ಇಲ್ಲ, ಈಗ, ಇಲ್ಲ, ಈಗ, ಇಲ್ಲ ಅಂದ್ನಲ್ಲ, ಹೆಬ್ಬೆರಳು ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು, ನನಗೆ ಆ ಉಗುರು ಬಿಟ್ಟು ಬೇರೇನೂ ಕಾಣಲಿಲ್ಲ, ಕೊನೆಗೆ ಕೈ ತೆಗೆದು, ಬಿಡು, ಮೊದಲೇ ಕೆಟ್ಟಿತ್ತು ಅನ್ಸುತ್ತೆ ಅಂದ್ರು. ಮೊದಲೇ ಕೆಟ್ಟಿದ್ರೆ ನನ್ನನ್ನ ಯಾಕೆ ಕೂರಿಸಿದ್ದು, ಅವಳಿಗೆ ಕಂಡದ್ದು ನನಗೆ ಕಾಣುತ್ತಾ ಅಂತ ಪರೀಕ್ಷೆ ಮಾಡೋಕಾ, ಅವತ್ತಿಂದ ಆ ಉಗುರು ನನ್ನ ಎದೆಯಲ್ಲಿ ನಾಟಿದೆ.

ತಂತಿ ಜೋಡಿಸಿ, ಬ್ಯಾಟರಿ ಹಾಕಿ, ಕೀ ತಿರುಗಿಸಿದೆ, ಡಬ್ಬಿ ಇನ್ನೂ ತೊಡೆ ಮೇಲೆ ತೆರೆದೇ ಇದೆ, ಟಕಟಕ ಇಲ್ಲ, ಜುಯ್ ಅಂತ ಮೆತ್ತಗಿನ ಸದ್ದು, ಚಕ್ರ ಹಿಡೀತು, ಮೇಲಿನ ಬಾಣ ಒತ್ತಿದೆ, ಚಕ್ರ ಚುಕ್ಕೆಯಿಂದ ದೂರ ಹೋಯ್ತು. ದೂರ ಹೋಯ್ತು. ಯಾಕೆ, ಚುಕ್ಕೆ ಕಡೆಗೆ ಬರಬೇಕಿತ್ತಲ್ಲ, ಇರು, ಕೆಳಗಿನ ಬಾಣ ಒತ್ತು, ಜುಯ್, ಬಂತು ಬಂತು, ಚುಕ್ಕೆ ಹತ್ತಿರ ಬಂದು ನಿಂತಿತು. ಅಂದ್ರೆ ಹಲ್ಲು ಕಿತ್ತದ್ದು ಮೇಲಕ್ಕೆ ಒತ್ತಿ ಅಲ್ಲ, ಕೆಳಕ್ಕೆ ಒತ್ತಿ, ಕೆಳಗೆ, ಇನ್ನೂ ಕೆಳಗೆ, ಉದ್ದಕ್ಕನಿಗೆ ಯಾಕೆ ಬೇಕು ಕೆಳಗೆ, ಅವಳಲ್ಲ, ಕೈಗೆ ಬಂದ ತುತ್ತು ಜಾರಿತು, ಹಾಗಾದ್ರೆ ಯಾರೋ ಕುಳ್ಳಿ, ಇಲ್ಲಿ ಕೂತಿದ್ದ ಇನ್ನೊಬ್ಬ ಕುಳ್ಳಿ, ಈಜುಕೊಳದ ಬಾಗಿಲಲ್ಲಿ ಟಿಕೆಟ್ ಹರಿಯೋಳು, ಸಾರ್ ಸಾರ್ ಅಂತ ಇವರ ಹಿಂದೇ ಸುತ್ತೋಳು, ಅವಳೂ ನನ್ನಷ್ಟೇ ಇದ್ದಾಳೆ, ನನಗಿಂತ ಒಂದು ಚೂರು ಎತ್ತರವೇ, ಅಯ್ಯೋ ದೇವರೇ, ಒಬ್ಬಳನ್ನ ಇಳಿಸಿದರೆ ಇನ್ನೊಬ್ಬಳು ಹತ್ತಿ ಕೂತಳಲ್ಲ ಈ ಸೀಟಿಗೆ. ಡಬ್ಬಿ ಅದರ ಜಾಗಕ್ಕೆ ಇಟ್ಟೆ, ಸ್ಕ್ರೂ ಬಿಗಿದೆ, ಒಂದು ಸ್ಕ್ರೂ ಸೀಟಿನ ಕೆಳಗೆ ಬಿತ್ತು, ಹುಡುಕಿ ತೆಗೆದೆ, ಹಲಗೆ ಕೂರಿಸಿದೆ, ಬೆನ್ನು ನೆಟ್ಟಗೆ ಮಾಡಿ ಕೂತು ಮುಂದೆ ನೋಡಿದೆ.

ಸೊನ್ನೆ. ಬಾನೆಟ್ಟಿನ ಮೇಲೆ, ಗಾಳಿಯಲ್ಲಿ, ಹಸಿರು, ತೆಳ್ಳಗೆ, ಎಷ್ಟು ಚೊಕ್ಕಟ, ಈ ಒಂದು ಸೊನ್ನೆಗಾ ಇಷ್ಟೆಲ್ಲ — ಬಟನ್ ಒತ್ತಿ ಏರಿಸಿದೆ, ಇಳಿಸಿದೆ, ನನ್ನ ಕಣ್ಣಿನ ಮಟ್ಟಕ್ಕೆ ತಂದು ನಿಲ್ಲಿಸಿದೆ, ಇಲ್ಲೇ ಇರು, ಅಲ್ಲಾಡಬೇಡ. ಆದ್ರೆ ಇದು ಇನ್ನೂ ಕೆಳಗೆ ಹೋಗುತ್ತೆ, ಎಷ್ಟೋ ಹೋಗುತ್ತೆ, ನನ್ನಂಥ ಕುಳ್ಳಿಗೇ ಮಧ್ಯದಿಂದ ಸ್ವಲ್ಪ ಕೆಳಗಿದ್ರೆ ಸಾಕು, ಆ ಚುಕ್ಕೆಯ ತನಕ ಇಳಿಸಬೇಕಂದ್ರೆ ಮಗುವನ್ನ ಕೂರಿಸಿರಬೇಕು, ಟಿಕೆಟ್ಟಿನವಳಲ್ಲ, ಯಾರೂ ಅಲ್ಲ, ಅಷ್ಟು ಕುಳ್ಳಗೆ ಇರೋರು ಕಾರು ಓಡಿಸೋಕೇ ಆಗಲ್ಲ, ಮತ್ತೆ ಯಾರಪ್ಪಾ ಒತ್ತಿದ್ದು, ತಲೆ ಕೆಟ್ಟು ಹೋಗುತ್ತೆ. ಬಿಸಿಲು ಗೋಡೆ ದಾಟಿ ಗಾಜಿಗೆ ಬಡೀತು, ಕಣ್ಣು ಚುಚ್ಚುತ್ತೆ, ಚೀಲದಿಂದ ಅದೇ ಕೂಲಿಂಗ್ ಗ್ಲಾಸ್ ತೆಗೆದು ಹಾಕ್ಕೊಂಡೆ, ಸೊನ್ನೆ ಇಲ್ಲ. ಹೋಯ್ತು, ಮತ್ತೆ ಕೆಡ್ತು, ಸ್ಕ್ರೂ ಸರಿ ಕೂತಿಲ್ಲ, ಮಧ್ಯಾಹ್ನ ಆಗ್ತಾ ಬಂತು, ಅವಳು ಬಂದುಬಿಡ್ತಾಳೆ, ಗ್ಲಾಸ್ ಕಿತ್ತು ಹಣೆಗೇರಿಸಿದೆ, ಸೊನ್ನೆ ಇದೆ. ಹಾಕ್ಕೊಂಡೆ, ಇಲ್ಲ. ತೆಗೆದೆ, ಇದೆ. ಕೈಯಲ್ಲಿ ಹಿಡಿದು ಗ್ಲಾಸನ್ನ ಅಡ್ಡಕ್ಕೆ ತಿರುಗಿಸಿದೆ, ಸೊನ್ನೆ ಮೆಲ್ಲಗೆ ಬಂತು, ನೆಟ್ಟಗೆ ತಿರುಗಿಸಿದೆ, ಮೆಲ್ಲಗೆ ಹೋಯ್ತು — ಇದು ಪೋಲರೈಸ್ಡ್ ಗಾಜು, ಗಾಜು ನೀರುಗಳ ಮೇಲಿಂದ ಹೊಳೆದು ಬರೋ ಬೆಳಕನ್ನ ತಡೆಯುತ್ತೆ, ನೋಡಿ ಸಾರ್, ನೋಡಿ ಮೇಡಂ, ಹೀಗೆ ಹಿಡಿದ್ರೆ ಮೊಬೈಲ್ ಪರದೆ ಕಪ್ಪು, ಹೀಗೆ ಹಿಡಿದ್ರೆ ಬೆಳಕು, ಅಂಗಡಿಯಲ್ಲಿ ದಿನಾ ನಾನೇ ಗಿರಾಕಿಗಳ ಮುಂದೆ ಆಡಿ ತೋರಿಸೋ ಆಟ, ನಾನೇ, ಈ ಕೈಯಿಂದಲೇ.

ಇತ್ತು. ಅವತ್ತು ಮೈದಾನದಲ್ಲಿ ಸೊನ್ನೆ ಇತ್ತು, ಮೊದಲ ಸಲ ಕಾಣಿಸ್ತಾ ಅಂದಾಗಲೇ ಇತ್ತು, ನನ್ನ ಕಣ್ಣೆದುರೇ, ಅತ್ತ ಕಣ್ಣು ಇವರಿಗೆ ಕಾಣಬಾರದು ಅಂತ ಹಾಕ್ಕೊಂಡ ಗ್ಲಾಸಿನಾಚೆ ನಿಂತಿತ್ತು, ನಾನು ಇಲ್ಲ ಅಂದೆ, ಕುಳ್ಳಿ ಅಲ್ವಾ, ಇನ್ನೂ ಇಳಿಸೋಣ ಅಂತ ಇವರು ಇಳಿಸಿದರು, ಇಲ್ಲ ಅಂದೆ, ಇಳಿಸಿದರು, ಡ್ಯಾಶ್‌ಬೋರ್ಡಿನೊಳಗೆ ಕಟ್ ಅಂತು, ಹೌದು, ನನಗೆ ಕೇಳಿತ್ತು, ಏನದು ಅಂತಲೂ ಕೇಳಿದ್ದೆ, ಏನಿಲ್ಲ ಬಿಡು, ಮೊದಲೇ ಕೆಟ್ಟಿತ್ತು ಅಂದ್ರು, ಮನೆಗೆ ಬಂದು ಅಮ್ಮನಿಗೂ ಅದನ್ನೇ ಅಂದ್ರು, ಅವಳಿದ್ದಾಗಲೇ ಕೆಟ್ಟಿತ್ತಮ್ಮ, ಇಷ್ಟು ವರ್ಷ ಅದೇ ಮಾತು, ನನ್ನ ಕಡೆ ಬರಬೇಕಾದ ಬೆರಳನ್ನ ಅವಳ ಕಡೆ ತಿರುಗಿಸಿಟ್ಟರು, ನಾನು ಅದಕ್ಕೂ ಉರಿದೆ, ಅದಕ್ಕೇ ಹೆಚ್ಚು ಉರಿದೆ. ಪಾಪ ಉದ್ದಕ್ಕ, ಮಾಡದ ತಪ್ಪು ಹೊತ್ಕೊಂಡು ಬಸ್ಸಲ್ಲಿ ಬರ್ತಿದ್ದಾಳೆ. ಗೇಟಿನ ಸದ್ದು, ಇವರೇ, ಹೆಗಲ ಮೇಲೆ ಒದ್ದೆ ಟವೆಲ್ಲು, ತಲೆ ಇನ್ನೂ ಆರಿಲ್ಲ, ಕಿಟಕಿಗೆ ಬಗ್ಗಿ, ಬಂತಾ ಅಂತಾರೆ, ಹೊರಗಿಂದ ಅವರಿಗೆ ಕಾಣಲ್ಲ, ಇಲ್ಲಿ ಕೂತವರಿಗೆ ಮಾತ್ರ ಕಾಣೋದು, ಬಂತು ಅನ್ನಬೇಕು, ಕಣ್ಣು ಮತ್ತೆ ತುಂಬಿ ಬಂತು, ಗ್ಲಾಸಿಗೆ ಕೈ ಹೋಯ್ತು, ಬೇಡ, ಹಾಕ್ಕೊಳ್ಳಲ್ಲ, ನೋಡಲಿ, ನನ್ನ ಮುಖ ನೋಡಿ ಕೈ ಒಳಗೆ ಚಾಚಿದರು, ಕಾಣಿಸ್ತಿಲ್ವಾ, ಇರು, ಇನ್ನೂ ಸ್ವಲ್ಪ ಇಳಿಸ್ತೀನಿ — ಬೇಡ, ಇದೆ, ಇಲ್ಲೇ ಇದೆ, ಬಾಯಿಂದ ಮಾತು ಬರ್ತಿಲ್ಲ, ಈಗ, ಅಂತಾರೆ, ಈಗ, ಸೊನ್ನೆ ಮೆಲ್ಲಗೆ ಇಳೀತಿದೆ, ಬಟನ್ ಮೇಲೆ ಅದೇ ಹೆಬ್ಬೆರಳು, ಒತ್ತಿ ಒತ್ತಿ ಬೆಳ್ಳಗಾದ ಉಗುರು.