ಭಾನುವಾರದೊಳಗೆ ಒಂದು ಕೆಜಿ

ನಮ್ಮ ಮನೆಗೆ ನಾಯಿಮರಿ ಬಂದಿದ್ದು ಸೊಸೆಯ ಅಣ್ಣ ಶಾಂತರಾಜುವಿನ ಬೈಕಿನಲ್ಲಿ, ಪ್ಲಾಸ್ಟಿಕ್ ಬುಟ್ಟಿಯೊಳಗೆ, ಟವೆಲ್ ಮೇಲೆ ಮಲಗಿಕೊಂಡು. ಪಮೇರಿಯನ್ ಜಾತಿಯಂತೆ, ಎರಡೂವರೆ ತಿಂಗಳಂತೆ. ಬೆಳ್ಳಗೆ, ಎರಡು ಅಂಗೈ ತುಂಬುವಷ್ಟಿತ್ತು. ಧನಗೆರೆಯಲ್ಲಿ ನಾಯಿಗೇನು ಬರವೇ? ನಮ್ಮ ಬೀದಿಯಲ್ಲೇ ಹತ್ತಿವೆ, ಮುದ್ದೆ ಚೂರು ಎಸೆದರೆ ನೆಲಕ್ಕೆ ಬೀಳಲು ಬಿಡುವುದಿಲ್ಲ. ಇಷ್ಟು ಚಿಕ್ಕದನ್ನು ಕಟ್ಟಿಕೊಂಡು ಏನು ಮಾಡುತ್ತಾರೋ ಎಂದುಕೊಂಡೆ, ಆದರೆ ಬಾಯಿ ಬಿಟ್ಟು ಹೇಳಲಿಲ್ಲ. ಈ ಮಾದೇವಮ್ಮನ, ಅಂದರೆ ನನ್ನ, ಬಾಯಿ ಸುಮ್ಮನಿರುವುದು ಊರಿಗೇ ಅಪರೂಪ. ಅದಕ್ಕೊಂದು ಕಾರಣವಿತ್ತು.

ಕೋಮಲ ನಮ್ಮ ಮಗ ಮಾದೇಶನ ಕೈ ಹಿಡಿದು ಬಂದು ನಾಲ್ಕು ತಿಂಗಳಾಗಿತ್ತು. ಕೊಳ್ಳೇಗಾಲ ಪೇಟೆಯ ಹುಡುಗಿ. ಕೇಳಿದರೆ ಉತ್ತರ, ಬಡಿಸಿದರೆ ಊಟ, ಅಷ್ಟೇ. ಮಾದೇಶ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಶಿಫ್ಟಿಗೆ ಹೊರಟರೆ ಅವಳು ಅಡುಗೆಮನೆಯ ಕಿಟಕಿ ಪಕ್ಕ ಕೂತುಬಿಡುತ್ತಿದ್ದಳು. ನನ್ನ ದನಿ ಮೊದಲಿಂದಲೂ ಗಡಸು. 'ಕಾಫಿ ಕುಡಿ' ಎಂದರೂ ಬೈದಂತೆ ಕೇಳುತ್ತದೆ ಎಂದು ನಮ್ಮ ಯಜಮಾನರೇ ಹೇಳುತ್ತಾರೆ. ಅವಳು ನನಗೆ ಹೆದರುತ್ತಿದ್ದಳು, ಹೆದರಿಕೆ ಬಿಡಿಸುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ಬುಟ್ಟಿ ತೆರೆದಾಗ ಆ ಮರಿ ಅವಳ ಮೂಗು ನೆಕ್ಕಿತು, ಅವಳು ಸದ್ದು ಮಾಡಿ ನಕ್ಕಳು. ಈ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಆ ನಗು ಇಲ್ಲೇ ಇರಬೇಕು ಎಂದು ನನಗೆ ಆಗಲೇ ಆಸೆ ಹುಟ್ಟಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮರಿಗೆ ಬಬ್ಲಿ ಎಂದು ಹೆಸರಿಟ್ಟರು. ಬಂದ ಮಾರನೆಯ ದಿನದಿಂದಲೇ ಬಬ್ಲಿಯ ದರ್ಬಾರು ಶುರುವಾಯಿತು. ಶಾಂತರಾಜು ತಂದುಕೊಟ್ಟಿದ್ದ ಪಾಕೀಟಿನ ತಿಂಡಿಯನ್ನು ಮೂಸಿ ನೋಡಿ ಮುಖ ತಿರುಗಿಸಿತು. ಹಾಲು ಅನ್ನ ಕಲಸಿದರೆ ಹಾಲು ನೆಕ್ಕಿ ಅನ್ನ ಉಳಿಸಿತು. ಮೊಟ್ಟೆ ಬೇಯಿಸಿ ಕೊಟ್ಟರೆ ಬಿಳಿಯನ್ನು ಬಾಯಿಂದ ಎತ್ತಿ ಚಾಪೆಯ ಮೇಲೆ ಇಟ್ಟು ಬಂತು. ಕೋಮಲ ಬೆಳಗಿನಿಂದ ಬೈಗಿನವರೆಗೆ ಚಮಚ ಹಿಡಿದು ಅದರ ಹಿಂದೆ ಮಂಡಿಯೂರಿ ನಡೆದಳು. ನಾಲ್ಕು ದಿನಕ್ಕೆ ಮರಿಯ ಪಕ್ಕೆಲುಬು ಕೈಗೆ ಸಿಗತೊಡಗಿತು, ನಮ್ಮ ಹುಡುಗಿಯ ಮುಖವೂ ಇಳಿಯಿತು.

ಸೋಮವಾರ ಅಣ್ಣ ತಂಗಿ ಇಬ್ಬರೂ ಅದನ್ನು ಪಶುವೈದ್ಯರ ಬಳಿಗೆ ಒಯ್ದರು. ಕಾಯಿಲೆ ಏನೂ ಇಲ್ಲ, ಹಲ್ಲು ಹೊಟ್ಟೆ ಎಲ್ಲ ಸರಿಯಿದೆ, ಆದರೆ ತೂಕ ಒಂಬೈನೂರು ಗ್ರಾಮ್ ಅಂತೆ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ, ಇಷ್ಟು ಸಣ್ಣ ಜಾತಿಯ ಮರಿಗಳು ಹೊಟ್ಟೆ ಬಹಳ ಹೊತ್ತು ಖಾಲಿ ಬಿದ್ದರೆ ತಲೆ ತಿರುಗಿ ಬೀಳುತ್ತವೆ, ಸೋತಂತೆ ಕಂಡರೆ ಒಸಡಿಗೆ ಸಕ್ಕರೆ ನೀರು ಸವರಿ ತಕ್ಷಣ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಮನೆ ಬಾಗಿಲಲ್ಲಿ ನಿಂತೇ ಶಾಂತರಾಜು ತೀರ್ಪು ಕೊಟ್ಟ. ಭಾನುವಾರ ಸಂಜೆ ಬರುತ್ತೇನೆ, ಅಷ್ಟರಲ್ಲಿ ಒಂದು ಕೆಜಿ ಮುಟ್ಟದಿದ್ದರೆ ವಾಪಸು ಒಯ್ಯುತ್ತೇನೆ, ಹಳ್ಳಿಯಲ್ಲಿ ಇದನ್ನೆಲ್ಲ ಸಾಕುವುದು ಆಗದ ಮಾತು ಎಂದ.

ಆಗದ ಮಾತಂತೆ. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೆ ಯಾವ ಎಲೆಯನ್ನೂ ಮುಟ್ಟದ ಜೀವ ಅದು. ಸೊಪ್ಪು ಬಾಡಿದ್ದರೆ ತಿನ್ನದು, ಬಲಿತಿದ್ದರೆ ತಿನ್ನದು, ಹೊತ್ತು ತಪ್ಪಿದರೆ ಸೊರಗುತ್ತದೆ. ಅಂಥದ್ದನ್ನು ಸಾಕಿ ಗೂಡು ಕಟ್ಟಿಸಿದವಳು ನಾನು, ಒಂಬೈನೂರು ಗ್ರಾಮಿನ ನಾಯಿಯ ಮುಂದೆ ಸೋಲಬೇಕೇ?

ಮಂಗಳವಾರ ಹುಳುಮನೆಯ ಕೆಲಸ ಬೇಗ ಮುಗಿಸಿ ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತೆ. ಕೈ ಸೊಪ್ಪಿನ ಮೇಲೆ, ಕಣ್ಣು ನಾಯಿಯ ಮೇಲೆ. ಬೆಳಿಗ್ಗೆ ಏಳಕ್ಕೆ ನಮ್ಮ ಯಜಮಾನರು ಶಿವನಂಜಯ್ಯನವರು ತಮ್ಮ ಟೀಯಲ್ಲಿ ಬನ್ನು ಅದ್ದಿ ಅದರ ಬಾಯಿಗಿಟ್ಟರು. ಒಂಬತ್ತಕ್ಕೆ ಎದುರುಮನೆಯ ಅಂಗಡಿ ಚಿಕ್ಕನಿಂಗಮ್ಮ ಬೆಣ್ಣೆ ಬಿಸ್ಕತ್ತು ತಂದು ಮುರಿದು ಹಾಕಿದಳು. ರಾತ್ರಿ ಶಿಫ್ಟು ಮುಗಿಸಿ ಬಂದ ಮಾದೇಶ ಕೇಕಿನ ತುಂಡು ಕೊಟ್ಟ. ಇವರ ನಡುವೆ ಕೋಮಲಳ ಚಮಚ ಎಷ್ಟು ಸಲ ಬಂತೋ ಲೆಕ್ಕ ತಪ್ಪಿತು. ಎಲ್ಲರನ್ನೂ ಹಿಡಿದೆ ಎಂದು ಬೀಗುವಷ್ಟರಲ್ಲಿ ಮರಿ ನನ್ನ ಬಳಿ ಬಂದು ಮುಖ ನೋಡಿತು, ನನ್ನ ಕೈ ತಾನಾಗಿಯೇ ಸೆರಗಿನಲ್ಲಿದ್ದ ಕೊಬ್ಬರಿ ಚೂರನ್ನು ಅದಕ್ಕೆ ಕೊಟ್ಟುಬಿಟ್ಟಿತು. ಅದನ್ನು ನಾನು ದಿನಾ ಕೊಡುತ್ತಿದ್ದೆ. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಿ ಗೊತ್ತಿಲ್ಲದ ಜನ ನಾವು. ಆ ಪುಟ್ಟ ಹೊಟ್ಟೆಯನ್ನು ಹಸಿಯಲು ಬಿಟ್ಟವರೇ ಇರಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಕಾನೂನು ಹೇಳಿದೆ. ಹುಳುವಿಗೆ ಮಾಡುವ ಹಾಗೇ ಇದಕ್ಕೂ. ಬೆಳಿಗ್ಗೆ ಏಳು, ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಎಂಟು. ಮೆತ್ತಗೆ ಬೆಂದ ಅನ್ನ, ಮೊಟ್ಟೆ, ಕ್ಯಾರೆಟ್ಟು, ಉಪ್ಪಿಲ್ಲದೆ ಒಂದೇ ಹದಕ್ಕೆ ಹಿಸುಕಿ ಅದರದೇ ತಟ್ಟೆಯಲ್ಲಿ. ಕಾಲು ಗಂಟೆ ಇಡುವುದು, ತಿಂದರೆ ಸರಿ, ಇಲ್ಲವಾದರೆ ಉಳಿದದ್ದನ್ನು ತೆಗೆದು ತಟ್ಟೆ ತೊಳೆಯುವುದು. ನಡುವೆ ನೀರು ಬಿಟ್ಟು ಯಾರೂ ಏನೂ ಕೊಡಕೂಡದು. ಯಜಮಾನರು ಬನ್ನಿನ ಪರವಾಗಿ ಏನೋ ಹೇಳಲು ಹೊರಟರು, ನನ್ನ ಮುಖ ನೋಡಿ ಟವೆಲ್ ಕೊಡವಿಕೊಂಡು ಎದ್ದರು. ಚಿಕ್ಕನಿಂಗಮ್ಮನಿಗೆ ನಾನೇ ಹೋಗಿ ಹೇಳಿ ಬಂದೆ, ಅವಳಿಗೆ ಸ್ವಲ್ಪ ಕೋಪ ಬಂತು.

ಸಂಜೆ ನಾಲ್ಕರ ತಟ್ಟೆಯನ್ನು ಬಬ್ಲಿ ಮೂಸಿ ಹೋಯಿತು. ಎತ್ತಿಬಿಟ್ಟೆ. ಎಂಟರ ತಟ್ಟೆಯಲ್ಲಿ ಎರಡು ಅಗುಳು ನೆಕ್ಕಿ ಕೋಮಲಳ ಮುಖ ನೋಡಿತು. ಅದನ್ನೂ ಎತ್ತಿದೆ. ಮಲಗುವ ಮುಂಚೆ ಅದು ಸೋಲಬಾರದೆಂದು ಡಾಕ್ಟರಮ್ಮ ಹೇಳಿದ್ದ ಸಕ್ಕರೆ ನೀರನ್ನು ಬಟ್ಟಲಲ್ಲಿ ತಯಾರಾಗಿ ಇಟ್ಟುಕೊಂಡೆ. ಧೈರ್ಯ ನನಗೂ ಪೂರ್ತಿ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಚಪ್ಪಲಿ ಕಚ್ಚಿಕೊಂಡು ಹಜಾರವೆಲ್ಲ ಓಡುತ್ತಿತ್ತು. ಆದರೂ ಏಳರ ತಟ್ಟೆಯಲ್ಲಿ ಅರ್ಧ ಚಮಚದಷ್ಟು ತಿಂದು ಬಿಟ್ಟಿತು. ನಾನು ತಟ್ಟೆ ಎತ್ತುತ್ತಿದ್ದಂತೆ ಕೋಮಲಳ ಕಣ್ಣು ತುಂಬಿತು, ಅವಳ ಕೈ ಬಿಸ್ಕತ್ತಿನ ಡಬ್ಬಿಯ ಕಡೆ ಹೋಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಕೈ ಹಿಡಿದು ಪಕ್ಕ ಕೂರಿಸಿಕೊಂಡೆ.

"ನಾನು ಈ ಮನೆಗೆ ಬಂದ ಒಸದ್ರಲ್ಲಿ ಹುಳ ಜ್ವರಕ್ಕೆ ಕೂತಿದ್ವು ಕಣವ್ವ," ಎಂದೆ. ಹುಳು ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಎನ್ನುತ್ತೇವೆ, ಆಗ ಅವು ತಿನ್ನುವುದಿಲ್ಲ, ಸೊಪ್ಪು ಹಾಕಲೂಬಾರದು. ಅದು ಅವಳಿಗೆ ಗೊತ್ತಿರಲಿಲ್ಲ, ಬಿಡಿಸಿ ಹೇಳಿದೆ. "ತಲೆ ಎತ್ಕಂಡು ಅಲ್ಲಾಡ್ದೆ ಕೂತವಲ್ಲ, ಅಸ್ಕಂಡವೆ ಅಂತ ಕರುಳು ಚುರುಕ್ ಅಂತು. ಯಾರೂ ಇಲ್ದಾಗ ಸೊಪ್ಪು ಹಾಕ್ಬುಟ್ಟೆ. ಅರ್ಧ ಬೆಳೆ ಕೆಟ್ಟೋಯ್ತು."

ಅವಳು ಕಣ್ಣು ಒರೆಸಿಕೊಂಡು ಕೇಳಿದಳು: "ನಿಮ್ಮತ್ತೆ ಬೈದ್ರಾ?"

"ಮೂರು ದಿನ ಬೈದ್ರು. ನಾಕ್ನೇ ದಿನ ಹುಳುಮನೆ ಬೀಗದ ಕೈ ನನ್ ಕೈಗೇ ಕೊಟ್ಬುಟ್ರು. ತೆಪ್ಪು ಮಾಡ್ದೋಳೇ ಉಷಾರಾಗಿ ನೋಡ್ಕತಾಳೆ ಅಂದ್ರು."

ಅವಳು ಡಬ್ಬಿಯನ್ನು ಎತ್ತಿ ಅಟ್ಟದ ಮೇಲೆ ಇಟ್ಟಳು. ಆಮೇಲೆ ಹುಳುವಿಗೆ ಎಷ್ಟು ಸಲ ಜ್ವರ, ಜ್ವರದಿಂದ ಎದ್ದ ಮೇಲೆ ಎಂಥ ಸೊಪ್ಪು ಎಂದು ಒಂದೊಂದಾಗಿ ಕೇಳತೊಡಗಿದಳು. ಹುಳುಮನೆಯಲ್ಲಿ ಸೊಪ್ಪು ಹಾಕುವಾಗಲೂ ಅವಳ ಪ್ರಶ್ನೆ ನಿಲ್ಲಲಿಲ್ಲ, ಹಾಗೆ ಮಾತಾಡುತ್ತಲೇ ಹನ್ನೆರಡಾಯಿತು. ತಟ್ಟೆ ಇಟ್ಟೆವು. ಬಬ್ಲಿ ಮೂಸಿತು, ನಮ್ಮಿಬ್ಬರ ಮುಖ ನೋಡಿತು. ನಾವು ಬೇಕೆಂದೇ ಗೋಡೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಚಪಚಪ ಸದ್ದು ಬಂತು. ಕೋಮಲ ನನ್ನ ತೋಳನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ತಟ್ಟೆ ಖಾಲಿಯಾಗುವವರೆಗೆ ಇಬ್ಬರೂ ತಿರುಗಲಿಲ್ಲ.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಗುರುವಾರ ಎಂಟರ ಊಟವನ್ನು ಅದು ಮುಟ್ಟಲೇ ಇಲ್ಲ. ವಿಚಾರಿಸಿದರೆ ಯಜಮಾನರ ಜೇಬಿನಲ್ಲಿ ಬನ್ನಿನ ಪುಡಿ ಸಿಕ್ಕಿತು. ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಶುಕ್ರವಾರದಿಂದ ಬಬ್ಲಿ ಹೊತ್ತಿಗೆ ಮುಂಚೆಯೇ ತಟ್ಟೆಯ ಜಾಗಕ್ಕೆ ಬಂದು ಕೂರುವುದನ್ನು ಕಲಿಯಿತು. ಶನಿವಾರ ನಾನು ಹುಳುಮನೆಯಲ್ಲಿ ಐದು ನಿಮಿಷ ತಡ ಮಾಡಿದ್ದಕ್ಕೆ ಬಾಗಿಲ ಹೊರಗೆ ನಿಂತು ಬೊಗಳಿತು. ಅಷ್ಟು ಸಣ್ಣ ದೇಹದಿಂದ ಅಂಥ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಮೂರೂವರೆಗೇ ಶಾಂತರಾಜು ಬಂದ. ಬುಟ್ಟಿಯನ್ನೂ ತಂದಿದ್ದ. ಮೊದಲು ಕಾಫಿ ಕುಡಿ, ನಾಲ್ಕಕ್ಕೆ ಅದರ ಊಟ, ಆಮೇಲೆ ತೂಕ ಎಂದೆ. ಊಟ ಮಾಡಿಸಿ ತೂಕ ಹಾಕಿದರೆ ಮೋಸವಲ್ಲವೇ ಎಂದು ಅವನು ನಗಾಡಿದ. ಎಲಾ ಇವನ, ಎಂದುಕೊಂಡೆ. ಸರಿ, ಖಾಲಿ ಹೊಟ್ಟೆಯಲ್ಲೇ ಆಗಲಿ ಎಂದು ಚಿಕ್ಕನಿಂಗಮ್ಮನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ. ಕೋಪ ಮರೆತು ಚಿಕ್ಕನಿಂಗಮ್ಮನೇ ಎತ್ತಿಕೊಂಡು ಬಂದಳು, ಅವಳಿಗೂ ಫಲಿತಾಂಶ ಬೇಕಿತ್ತು.

ಕೋಮಲ ಮರಿಯನ್ನು ತಕ್ಕಡಿಯ ಮೇಲೆ ಇಟ್ಟಳು. ಅದು ನಿಂತಲ್ಲಿ ನಿಲ್ಲದೆ ಅಂಕಿ ಮೇಲೆ ಕೆಳಗೆ ಕುಣಿಯಿತು. ಯಜಮಾನರು ಉಸಿರು ಬಿಗಿಹಿಡಿದು ಬಗ್ಗಿದ್ದರು. ಕೋಮಲ ಅದರ ಬೆನ್ನಿನ ಹತ್ತಿರ ಬಾಯಿ ತಂದು ಏನೋ ಹೇಳಿದಳು, ಮರಿ ಕೂತಿತು. ಒಂದು ಕೆಜಿ ಮೂವತ್ತು ಗ್ರಾಮ್.

ಶಾಂತರಾಜು ಬಗ್ಗಿ ಇನ್ನೊಮ್ಮೆ ನೋಡಿದ. ತಕ್ಕಡಿ ಸರಿಯಿದೆಯೇ ಎಂದು ಕೇಳಿದ. ಚಿಕ್ಕನಿಂಗಮ್ಮ ಕಾಲು ಕೆಜಿ ಸಕ್ಕರೆ ಪೊಟ್ಟಣ ತಂದು ಇಟ್ಟು ತೋರಿಸಿ, ಇಪ್ಪತ್ತು ವರ್ಷದ ಅಂಗಡಿಯ ಮರ್ಯಾದೆಯ ಬಗ್ಗೆ ಅವನಿಗೆ ನಾಲ್ಕು ಮಾತು ಹೇಳಿದಳು. ಅಷ್ಟರಲ್ಲಿ ನಾಲ್ಕಾಯಿತು. ತಟ್ಟೆ ಇಟ್ಟದ್ದೇ ತಡ, ಬಬ್ಲಿ ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ನೆಕ್ಕುತ್ತ ನೆಕ್ಕುತ್ತ ಹಜಾರದ ಆ ಗೋಡೆಯವರೆಗೆ ತಳ್ಳಿಕೊಂಡು ಹೋಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ಖುಷಿಗೆ ಯಜಮಾನರಿಗೆ ಬನ್ನು ತಿನ್ನಲು ಅಪ್ಪಣೆ ಕೊಟ್ಟೆ.

ಸೋತ ಶಾಂತರಾಜು ಒಳ್ಳೆಯ ಹುಡುಗನೇ. ಹೊರಡುವಾಗ ಮರಿಯ ತಲೆ ಸವರಿ, ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಅದರ ಮೂತಿಯ ಮುಂದೆ ಹಿಡಿದ. ನಾನು ಬಾಯಿ ತೆರೆಯುವುದರೊಳಗೆ ಕೋಮಲ ಅವನ ಮಣಿಕಟ್ಟು ಹಿಡಿದಿದ್ದಳು.

"ಬ್ಯಾಡಣ್ಣ. ಅದ್ರ ಊಟದ್ ಒತ್ತು ಮುಗೀತು. ಇನ್ನ ಎಂಟು ಗಂಟ್ಗೇಯ," ಎಂದಳು.

ದನಿ ಗಡಸಾಗಿತ್ತು. ಯಜಮಾನರು ನನ್ನ ಮುಖ ನೋಡಿದರು, ಮಾದೇಶ ತನ್ನ ಹೆಂಡತಿಯ ಮುಖ ನೋಡಿದ. ಶಾಂತರಾಜು ತಂಗಿಯನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಬಿಸ್ಕತ್ತನ್ನು ತನ್ನ ಬಾಯಿಗೇ ಹಾಕಿಕೊಂಡು ಬೈಕ್ ಹತ್ತಿದ.